ಮೂವತ್ತೊಂದನೇ ಮಂಚ

ನಮ್ಮ ವಾರ್ಡಿನಲ್ಲಿ ಇರುವುದು ಮೂವತ್ತು ಮಂಚ. ರಿಪೋರ್ಟ್ ಪುಸ್ತಕದಲ್ಲಿ ಮಾತ್ರ ಮೂವತ್ತೊಂದು. ಹೊಸದಾಗಿ ಬಂದ ಡಾಕ್ಟರೊಬ್ಬರು ಒಮ್ಮೆ ರೌಂಡ್ಸ್ ಮುಗಿಸಿ, ಪುಸ್ತಕ ಕೈಯಲ್ಲಿ ಹಿಡಿದು, ಮೂವತ್ತೊಂದನೇ ಪೇಷೆಂಟನ್ನು ಹುಡುಕಿಕೊಂಡು ವರಾಂಡದ ಕೊನೆವರೆಗೂ ಹೋಗಿ ಬಂದರು. 'ಊಟ ಅರ್ಧ, ನಿದ್ದೆ ಕಡಿಮೆ, ಎಲ್ಲರ ಮೇಲೂ ರೇಗುತ್ತಾರೆ' ಅಂತ ಬರೆದಿದೆಯಲ್ಲ, ಇಂಥವರನ್ನು ಎಲ್ಲಿ ಮಲಗಿಸಿದ್ದೀರಿ ಎಂದು ಕೇಳಿದರು. ಆ ಪೇಷೆಂಟು ಅವರ ಎದುರಿಗೇ ಇಂಜೆಕ್ಷನ್ ಟ್ರೇ ಹಿಡಿದು ನಿಂತಿದ್ದಳು. ನಾನೇ ಅವಳು.

ಯಾವ ಊರಿನ ಆಸ್ಪತ್ರೆ ಅಂತ ಮಾತ್ರ ಕೇಳಬೇಡಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕು ಕಡೆಯೂ ನಾನು ನರ್ಸ್ ಆಗಿ ದುಡಿದಿದ್ದೇನೆ. ನಾಲ್ಕರಲ್ಲೊಂದು ಅಂತ ಇಟ್ಟುಕೊಳ್ಳಿ. ನಮ್ಮ ಹುದ್ದೆಗೆ ಈಗ ಶುಶ್ರೂಷಾಧಿಕಾರಿ ಎಂಬ ಭಾರದ ಹೆಸರು ಬಂದಿದೆ. ಹೊಟ್ಟೆನೋವು ಅಂತ ಬಂದವರಿಗೆ ಅಷ್ಟು ಉದ್ದ ಕೂಗುವ ಪುರಸೊತ್ತಿಲ್ಲ, ಹಾಗಾಗಿ ಎಲ್ಲರಿಗೂ ನಾವು ಸಿಸ್ಟರಮ್ಮಂದಿರೇ.

ನಮ್ಮದು ಗಂಡಸರ ವಾರ್ಡು. ಮಧ್ಯಾಹ್ನ ಎರಡು ಗಂಟೆಗೆ ಬೆಳಗಿನ ಪಾಳಿಯವಳು ಹೋಗುತ್ತಾಳೆ, ಮಧ್ಯಾಹ್ನದವಳು ಬರುತ್ತಾಳೆ. ಇಬ್ಬರೂ ಜೊತೆಯಾಗಿ ಒಂದನೇ ಮಂಚದಿಂದ ಮೂವತ್ತರವರೆಗೆ ನಡೆಯಬೇಕು. ಹೋಗುವವಳು ಪ್ರತಿ ಮಂಚದ ಮುಂದೆ ನಿಂತು, ಇವರಿಗೆ ಏನು ಕಾಯಿಲೆ, ಜ್ವರ ಎಷ್ಟು, ಬೆಳಿಗ್ಗೆಯಿಂದ ಒಳಗೆ ಏನು ಹೋಯಿತು, ಹೊರಗೆ ಏನು ಬಂತು ಎಂದು ಒಪ್ಪಿಸಬೇಕು. ಒಳಗೆ ಅಂದರೆ ನೀರು, ಗಂಜಿ, ಗ್ಲೂಕೋಸು. ಹೊರಗೆ ಅಂದರೆ ನಿಮಗೆ ಗೊತ್ತು. ಮನುಷ್ಯರ ಮಂಚ ಮುಗಿದ ಮೇಲೆ ಸಾಮಾನಿನ ಸರದಿ. ಆಕ್ಸಿಜನ್ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ, ಬೀಗ ಹಾಕಿದ ಕಪಾಟಿನಲ್ಲಿ ಯಾವ ಔಷಧಿ ಎಷ್ಟಿದೆ, ಎಣಿಸಿ ಸಹಿ ಹಾಕಿದ ಮೇಲೆಯೇ ಮನೆಯ ದಾರಿ. ಇದಕ್ಕೆ ರಿಪೋರ್ಟ್ ಕೊಡುವುದು ಅನ್ನುತ್ತೇವೆ.

ರಿಪೋರ್ಟ್ ಕೊಡುವುದರಲ್ಲಿ ನನಗೆ ಸ್ವಲ್ಪ ಜಂಬವಿತ್ತು. ಸ್ವಲ್ಪ ಏನು, ಚೆನ್ನಾಗಿಯೇ ಇತ್ತು. ಪುಸ್ತಕ ನೋಡದೆ ಮೂವತ್ತು ಮಂಚವನ್ನೂ ಮಗ್ಗಿ ಹೇಳಿದಂತೆ ಹೇಳುತ್ತಿದ್ದೆ. ನಡುನಡುವೆ ಒಂದೊಂದು ತಮಾಷೆಯನ್ನೂ ಸೇರಿಸುತ್ತಿದ್ದೆ. ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದವಳು ಹಿರಿಯೂರು ಕಡೆಯ ಹರಿಯಬ್ಬೆಯವಳು, ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಮಾತು ಕಡಿಮೆ. ಕಣ್ಣು ಮಾತ್ರ ಎಲ್ಲ ಕಡೆ. ನಾನು ಅವಳನ್ನು ಹರಿಯಬ್ಬೆ ಹುಡುಗಿ ಅಂತಲೇ ಕರೆಯುತ್ತಿದ್ದೆ, ಅವಳು ನನ್ನನ್ನು ಅಕ್ಕ ಅನ್ನುತ್ತಿದ್ದಳು.

ನಮ್ಮಿಬ್ಬರ ಮೇಲೆ ಇನ್‌ಚಾರ್ಜ್ ಸಿಸ್ಟರ್. ಹೊರಕೆರೆದೇವಪುರದವರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸೊಂಟದಲ್ಲಿ ಕಪಾಟಿನ ಬೀಗದಕೈ ಗೊಂಚಲು, ಮೂಗಿನ ತುದಿಯಲ್ಲಿ ಕನ್ನಡಕ. ಆ ಗೊಂಚಲಿನ ಸದ್ದು ಬಾಗಿಲ ಹತ್ತಿರ ಕೇಳಿದರೆ ಮಂಚದ ಕೆಳಗೆ ಬೀಡಿ ಬಚ್ಚಿಟ್ಟುಕೊಂಡ ರೋಗಿಗಳು ನಿದ್ದೆ ಬಂದವರಂತೆ ನಟಿಸುತ್ತಿದ್ದರು. ಅವರನ್ನು ನಾವೆಲ್ಲ ದೊಡ್ಡಕ್ಕ ಅನ್ನುತ್ತಿದ್ದೆವು, ಹಿಂದಿನಿಂದ ಬೇರೆ ಹೆಸರುಗಳೂ ಇದ್ದವು.

ಆ ಮಳೆಗಾಲದಲ್ಲಿ ಜ್ವರ ಬಂತು ನೋಡಿ, ಊರಿಗೆ ಊರೇ ಮಲಗಿತು. ಮೂವತ್ತು ಮಂಚಕ್ಕೆ ಐವತ್ತು ಜನ. ಮಂಚ ಸಿಗದವರು ಚಾಪೆಯ ಮೇಲೆ, ಚಾಪೆ ಇಲ್ಲದವರು ತಾವೇ ತಂದ ಕಂಬಳಿಯ ಮೇಲೆ. ನಮ್ಮಲ್ಲಿ ಒಬ್ಬಳು ಹೆರಿಗೆ ರಜೆಯಲ್ಲಿದ್ದಳು, ಇನ್ನೊಬ್ಬಳನ್ನು ಬೇರೆ ಆಸ್ಪತ್ರೆಗೆ ನಿಯೋಜನೆ ಮೇಲೆ ಕಳಿಸಿದ್ದರು. ಉಳಿದವರು ಒಂದು ಪಾಳಿಗೆ ಒಬ್ಬೊಬ್ಬರು. ವಾರದ ರಜೆ ಅನ್ನುವುದು ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣವಾಗಿ ಮಾತ್ರ ಉಳಿಯಿತು. ಒಂದು ಪಾಳಿ ಮುಗಿಸಿ, ಬರಬೇಕಾದವಳು ಜ್ವರದಿಂದ ಬರದೆ, ಅಲ್ಲೇ ಇನ್ನೊಂದು ಪಾಳಿ ಮಾಡಿದ್ದು ಎಷ್ಟು ಸಲವೋ ನೆನಪಿಲ್ಲ.

ನಾವು ನೀರು ಕುಡಿಯುವುದನ್ನು ಬಿಟ್ಟೆವು. ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕು. ಸಿಬ್ಬಂದಿಯ ಬಾತ್‌ರೂಮು ವರಾಂಡದ ಆ ತುದಿಗೆ, ಅದರ ಬೀಗದಕೈ ಇನ್ನೊಂದು ವಾರ್ಡಿನಲ್ಲಿ. ದಾರಿಯಲ್ಲಿ ಹತ್ತು ಜನ 'ಸಿಸ್ಟರಮ್ಮ, ಬಾಟ್ಲಿ ಖಾಲಿ ಆತು' ಅನ್ನುತ್ತಾರೆ. ಹೋಗಿ ಬರುವಷ್ಟರಲ್ಲಿ ಯಾರದೋ ಡ್ರಿಪ್ಪಿನಲ್ಲಿ ರಕ್ತ ಮೇಲೆ ಹತ್ತಿರುತ್ತದೆ. ಅದಕ್ಕಿಂತ ಗಂಟಲು ಒಣಗಿಸಿಕೊಳ್ಳುವುದೇ ಸುಲಭ. ಅಷ್ಟಾಗಿಯೂ ಪ್ರತಿ ಮಂಚದ ಮುಂದೆ ನಿಂತು, ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು ಕಣಪ್ಪ, ಕುಡಿಯದಿದ್ದರೆ ಕಿಡ್ನಿ ಕೈ ಕೊಡುತ್ತೆ ಎಂದು ಗದರುತ್ತಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಮನೆಯಲ್ಲೂ ನಾನು ಡ್ಯೂಟಿಯಲ್ಲೇ ಇರುತ್ತಿದ್ದೆ. ಹೊಸದುರ್ಗದಿಂದ ನಮ್ಮ ಯಜಮಾನರ ಸೋದರಮಾವ, ಅತ್ತೆ ಬಂದಿದ್ದರು. ಬಾಗಿಲಲ್ಲಿ ನೀರು ಕೊಟ್ಟು, ಚೆನ್ನಾಗಿದೀರಾ ಅಂತ ಕೇಳಬೇಕಾದವಳು, ಮಾವನ ಮುಖ ನೋಡಿ "ಬೆಳಿಗ್ಗೆ ಹೊಟ್ಟೆ ಸರಿಯಾಗಿ ಖಾಲಿ ಆಯ್ತಾ?" ಅಂದೆ. ಆ ಪುಣ್ಯಾತ್ಮರು ಎರಡು ದಿನದಿಂದ ಆಗಿಲ್ಲ ಕಣಮ್ಮ ಅಂತ ಕುರ್ಚಿ ಎಳೆದುಕೊಂಡು ಕೂತರು. ಅತ್ತೆ ಮಾತ್ರ ಇಂದಿಗೂ ಆ ಕತೆಯನ್ನು ಮದುವೆ ಮನೆಗಳಲ್ಲಿ ಹೇಳುತ್ತಾರೆ.

ಇವೆಲ್ಲ ನಗುವ ಸಂಗತಿಗಳು. ನಗಲಾರದ್ದು ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಆರನೇ ಮಂಚದಲ್ಲಿ ಒಬ್ಬರು ಅಜ್ಜ ಇದ್ದರು. ದಿನಾ ನನ್ನನ್ನು ಕರೆದು, ಊಟ ಆತಾ ಮಗಳೇ ಎಂದು ಕೇಳುತ್ತಿದ್ದರು. ಒಂದು ಬೆಳಿಗ್ಗೆ ತೀರಿಕೊಂಡರು. ಅವರ ಕಣ್ಣು ಮುಚ್ಚುತ್ತಿದ್ದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು, ಸದ್ಯ, ನೆಲದ ಮೇಲಿರುವ ಒಬ್ಬರಿಗೆ ಮಂಚ ಆಯಿತು ಎಂಬುದು. ಅಳು ಬರಲಿಲ್ಲ. ಅಳು ಬರಲಿಲ್ಲವಲ್ಲ ಎಂಬ ಭಯ ಮಾತ್ರ ಬಂತು. ಆ ಭಯವನ್ನು ಯಾರಿಗೂ ತೋರಿಸಬಾರದು ಅಂತ ಇನ್ನಷ್ಟು ತಮಾಷೆ ಮಾಡತೊಡಗಿದೆ.

ಹಾಗಿದ್ದ ದಿನಗಳಲ್ಲೇ ಹದಿನಾಲ್ಕನೇ ಮಂಚದ ಪ್ರಸಂಗ ನಡೆಯಿತು. ಆ ಮಂಚದಲ್ಲಿದ್ದವನು ಜ್ವರ ಬಂದ, ನಲವತ್ತರ ಹತ್ತಿರದ ರೈತ, ಜೊತೆಗೆ ನೋಡಿಕೊಳ್ಳಲು ಅವನ ಅಣ್ಣ ಬಂದಿದ್ದ. ಅಣ್ಣ ಹಿರಿಯೂರು ಕಡೆ ಕುರಿ ಮೇಯಿಸುವವನು, ನಲವತ್ತೈದರ ಗಟ್ಟಿ ಆಳು. ಬೆಳಿಗ್ಗೆ ಹತ್ತರ ಇಂಜೆಕ್ಷನ್ ಸಮಯ. ನಾನು ಹಿಂದಿನ ದಿನ ಎರಡು ಪಾಳಿ ಮಾಡಿ, ನಾಲ್ಕು ತಾಸು ಮಲಗಿ, ಮತ್ತೆ ಬಂದಿದ್ದೆ. ಟ್ರೇ ಹಿಡಿದು ಹದಿನಾಲ್ಕರ ಹತ್ತಿರ ಬಂದರೆ, ಮಂಚದಲ್ಲಿ ತಲೆಯವರೆಗೂ ಕಂಬಳಿ ಹೊದ್ದುಕೊಂಡು ಒಬ್ಬ ಮಲಗಿದ್ದಾನೆ. ಜ್ವರ ನೋಡಿದೆ, ಇಲ್ಲ. ಬಿಪಿ ನೋಡಿದೆ, ಎಳೆ ಹುಡುಗನ ಬಿಪಿ. ನಿನ್ನೆಯವರೆಗೆ ನರಳುತ್ತಿದ್ದವನು ಇಷ್ಟು ಚೇತರಿಸಿಕೊಂಡನಲ್ಲ ಅಂತ ಖುಷಿಯಾಗಿ ಚಾರ್ಟಿನಲ್ಲಿ ಬರೆದೂ ಬಿಟ್ಟೆ.

ಆಮೇಲೆ ಕೈ ನೋಡಿದರೆ ಕ್ಯಾನುಲಾ ಇಲ್ಲ. ಕ್ಯಾನುಲಾ ಅಂದರೆ ದಿನಾ ಚುಚ್ಚುವುದು ಬೇಡ ಅಂತ ನರದಲ್ಲಿ ಹಾಕಿಟ್ಟಿರುವ ಸಣ್ಣ ನಳಿಕೆ. ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಕಷ್ಟಪಟ್ಟು ಹಾಕಿದ್ದು, ಯಾಕಪ್ಪ ಕಿತ್ತು ಹಾಕಿದೆ ಅಂತ ಐದು ನಿಮಿಷ ಬೈದೆ. ಅವನು ಕೈ ಮುಗಿದು, "ತಪ್ಪಾತು ಅಮ್ಮಾರೆ" ಅಂದ. ತಪ್ಪೊಪ್ಪಿಕೊಂಡ ಮೇಲೆ ಇನ್ನೇನು, ರಟ್ಟೆಗೆ ಪಟ್ಟಿ ಕಟ್ಟಿ, ಸ್ಪಿರಿಟ್ ಹಚ್ಚಿ, ಸೂಜಿ ಎತ್ತಿಕೊಂಡೆ. ಅವನು ಆ ಕಡೆ ಮುಖ ತಿರುಗಿಸಿ ಹಲ್ಲು ಕಚ್ಚಿದ.

ಅಷ್ಟರಲ್ಲಿ ಹಿಂದಿನಿಂದ ಒಂದು ಬಡಕಲು ದನಿ ಬಂತು. "ಅಣಾ, ನನ್ ಮಂಚದಾಗೆ ಏನ್ ಮಾಡ್ತಿದೀಯ?"

ತಿರುಗಿ ನೋಡಿದರೆ ಬಾತ್‌ರೂಮಿನಿಂದ ಬಂದ ತಮ್ಮ, ಕ್ಯಾನುಲಾ ಇದ್ದ ಕೈಯನ್ನು ಎದೆಗೆ ಒತ್ತಿಕೊಂಡು, ಗ್ಲೂಕೋಸ್ ಬಾಟಲಿಯನ್ನು ಇನ್ನೊಂದು ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದು ನಿಂತಿದ್ದಾನೆ. ನನ್ನ ಕೈಯಲ್ಲಿದ್ದ ಸೂಜಿ ಅಣ್ಣನ ಚರ್ಮದಿಂದ ಒಂದು ಬೆರಳು ದೂರದಲ್ಲಿತ್ತು. ನೀನು ಪೇಷೆಂಟ್ ಅಲ್ಲ ಅಂತ ಬಾಯಿ ಬಿಟ್ಟು ಹೇಳಬಾರದಿತ್ತಾ ಅಂದರೆ, ಕುರಿಯಣ್ಣ ಎದ್ದು ಕೂತು ಬಹಳ ಮರ್ಯಾದೆಯಿಂದ ಹೇಳಿದ: "ನೀವು ಓದಿದೋರು ಅಮ್ಮಾರೆ. ಕೈ ಹಿಡ್ದು ನೋಡಿದ್ರಿ, ಬರ್ಕಂಡ್ರಿ, ಬೈದ್ರಿ. ನಂಗೂ ಏನೋ ಐತೆ ಅನ್ಕಂಡು ಸುಮ್ಕಾದೆ."

ವಾರ್ಡಿಗೆ ವಾರ್ಡೇ ನಕ್ಕಿತು. ಜ್ವರದಿಂದ ಮೂರು ದಿನ ಕಣ್ಣು ಬಿಡದಿದ್ದವರೂ ನಕ್ಕರು. ನಾನೂ ನಕ್ಕೆ. ಕುರಿಯಣ್ಣ ಗೇಟಿನ ಹೊರಗೆ ಮಂಡಕ್ಕಿ ಅಂಗಡಿಯಲ್ಲಿ ಕೂತು, ತನ್ನ ಬಿಪಿ ಫಸ್ಟ್ ಕ್ಲಾಸ್ ಐತೆ ಅಂತ ಸಿಸ್ಟರಮ್ಮನೇ ಬರೆದುಕೊಟ್ಟಿದ್ದಾರೆ ಎಂದು ಹೇಳಿಕೊಂಡು ತಿರುಗಿದ. ನಾನು ಊಟದ ಹೊತ್ತಿಗೆ ಬೇರೆ ವಾರ್ಡಿನ ಸಿಸ್ಟರ್‌ಗಳಿಗೆಲ್ಲ ಅಭಿನಯ ಮಾಡಿ ತೋರಿಸಿದೆ. ದೊಡ್ಡಕ್ಕನಿಗೆ ಮಾತ್ರ ಹೇಳಲಿಲ್ಲ. ಪುಸ್ತಕದಲ್ಲೂ ಬರೆಯಲಿಲ್ಲ. ಆ ತಪ್ಪು ಲೆಕ್ಕದ ಮೇಲೆ ಗೆರೆ ಎಳೆದು, ತಮ್ಮನ ನಿಜವಾದ ಜ್ವರ ಬರೆದು ಸುಮ್ಮನಾದೆ.

ನರ್ಸಿಂಗ್ ಶಾಲೆಯಲ್ಲಿ ಮೊದಲ ವಾರ ಹೇಳಿಕೊಡುವ ಪಾಠ ಒಂದೇ. ಔಷಧಿ ಕೊಡುವ ಮುಂಚೆ ರೋಗಿಯ ಬಾಯಿಂದಲೇ ಅವನ ಹೆಸರು ಹೇಳಿಸು. ಹದಿನಾಲ್ಕು ವರ್ಷ ನಾನು ಅದನ್ನು ತಪ್ಪಿಸಿರಲಿಲ್ಲ. ಅವತ್ತು ಕೇಳಲೇ ಇಲ್ಲ. ಕೇಳಬೇಕು ಅಂತ ನೆನಪೂ ಆಗಲಿಲ್ಲ. ಆ ಔಷಧಿ ಅವನಿಗೆ ಒಗ್ಗದೆ ಹೋಗಿದ್ದರೆ? ಮುಂದಿನ ಸಲ ಬಾತ್‌ರೂಮಿನಿಂದ ಬರುವ ತಮ್ಮ ಒಂದು ನಿಮಿಷ ತಡ ಮಾಡಿದರೆ? ನನ್ನ ಕೈ ಕಂಡರೆ ನನಗೇ ಹೆದರಿಕೆಯಾಯಿತು. ಬಸ್ಸಿನಲ್ಲಿ ಕೂತು ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡೆ.

ರಾತ್ರಿ ಯಜಮಾನರಿಗೆ ಹೇಳಿದೆ. ಅವರದು ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ. ಕೈಗೆ ಹತ್ತಿದ ವಾರ್ನಿಶ್ ಒರೆಸಿಕೊಳ್ಳುತ್ತಾ, ಸುಟ್ಟುಹೋಗುವ ಮುಂಚೆ ಮೋಟಾರು ವಾಸನೆ ಕೊಡುತ್ತೆ, ನೀನು ಒಂದು ತಿಂಗಳಿಂದ ಕೊಡ್ತಿದೀಯ, ಬಿಟ್ಟುಬಿಡು ಕೆಲಸ ಅಂದರು. ಬಿಡಬೇಡ ಅನ್ನುತ್ತಾರೆ ಅಂತ ಕಾಯುತ್ತಿದ್ದ ನನಗೆ ರೇಗಿಹೋಯಿತು. ನನ್ನ ಕೆಲಸ ಬಿಡಿಸೋಕೆ ನೀವ್ಯಾರು ಅಂತ ಜಗಳ ಮಾಡಿದೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ, ಸಿರಿಗೆರೆ ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗಿಯೊಬ್ಬಳ ಹತ್ತಿರ ಒಂದು ಹಾಳೆ ಕೇಳಿ ಪಡೆದು, ನಾನೇ ರಾಜೀನಾಮೆ ಬರೆದೆ. ಹಾಳೆಯ ಹಿಂಬದಿ ಅರ್ಧ ಬಿಡಿಸಿದ ಗಣಿತದ ಲೆಕ್ಕವಿತ್ತು. ವೈಯಕ್ತಿಕ ಕಾರಣಗಳಿಂದ ಅಂತ ಬರೆದು, ನಾಲ್ಕು ಮಡಿಕೆ ಮಾಡಿ ಊಟದ ಬ್ಯಾಗಿನಲ್ಲಿ ಡಬ್ಬಿಯ ಅಡಿಗೆ ಇಟ್ಟೆ. ಮಧ್ಯಾಹ್ನ ಎರಡು ಗಂಟೆಗೆ ರಿಪೋರ್ಟ್ ಮುಗಿಸಿ ದೊಡ್ಡಕ್ಕನ ಕೈಗೆ ಕೊಡುವುದು, ಮತ್ತೆ ತಿರುಗಿ ನೋಡದೆ ಹೋಗುವುದು, ಅಷ್ಟೇ.

ಎರಡು ಗಂಟೆಯಾಯಿತು. ಹರಿಯಬ್ಬೆ ಹುಡುಗಿ ಪುಸ್ತಕ ಹಿಡಿದು ಬಂದಳು. ಅವತ್ತು ಅವಳ ಹಿಂದೆ ಬೀಗದಕೈ ಸದ್ದೂ ಬಂತು. ದೊಡ್ಡಕ್ಕ ರಿಪೋರ್ಟಿಗೆ ಬರುವುದು ತಿಂಗಳಿಗೊಮ್ಮೆ, ಏನಾದರೂ ಕಳೆದಾಗ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ, ಹಾಗಾಯಿತು ನನ್ನ ಸ್ಥಿತಿ. ಆದರೂ ಒಂದರಿಂದ ಶುರು ಮಾಡಿದೆ. ಹದಿನಾಲ್ಕರ ಹತ್ತಿರ ಬಂದಾಗ ಕುರಿಯಣ್ಣ ಮಂಚದಿಂದ ಒಂದು ಮಾರು ದೂರ, ನೆಲದ ಮೇಲೆ, ಎರಡು ಕೈಯನ್ನೂ ಕಂಬಳಿಯೊಳಗೆ ಹುದುಗಿಸಿಕೊಂಡು ಕೂತಿದ್ದ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಮೂವತ್ತು ಮುಗಿಸಿ ಪುಸ್ತಕಕ್ಕೆ ಸಹಿ ಹಾಕಲು ಪೆನ್ನು ತೆಗೆದೆ.

"ಇನ್ನೊಂದು ಮಂಚ ಉಳೀತು," ಅಂದರು ದೊಡ್ಡಕ್ಕ.

ಯಾವುದು ಅಂತ ಕೇಳಿದೆ. ಅವರು ಹರಿಯಬ್ಬೆ ಹುಡುಗಿಯ ಕಡೆ ತಿರುಗಿ, "ನೀನು ಹೇಳು. ಮೂವತ್ತೊಂದು," ಅಂದರು.

ಆ ಹುಡುಗಿ ಗಂಟಲು ಸರಿ ಮಾಡಿಕೊಂಡು, ಪುಸ್ತಕ ನೋಡದೆ, ನಾನು ಹೇಳುವ ಧಾಟಿಯಲ್ಲೇ ಹೇಳಿದಳು. "ಮೂವತ್ತೊಂದು. ಹೆಂಗಸು. ಮೂವತ್ತೇಳು ವರ್ಷ. ಬೆಳಿಗ್ಗೆಯಿಂದ ಒಳಗೆ ಅರ್ಧ ಲೋಟ ಟೀ. ಹೊರಗೆ ಏನೂ ಇಲ್ಲ, ಆ ವಾರ್ಡ್‌ನಾಗೆ ವಿಚಾರಿಸ್ದೆ, ಬೀಗದಕೈ ಕೇಳೇ ಇಲ್ವಂತೆ. ನಿದ್ದೆ ಇಲ್ಲ. ಊಟದ ಡಬ್ಬಿ ನಾಕು ದಿನದಿಂದ ಹಂಗೇ ವಾಪಸ್ ಹೋಗ್ತೈತೆ. ಹದಿನೈದು ದಿನದಿಂದ ಜೋಕ್ ಜಾಸ್ತಿ ಆಗೈತೆ."

ಜೋಕ್ ಜಾಸ್ತಿ ಆಗಿದೆ ಎಂಬುದನ್ನು ಜ್ವರ ಜಾಸ್ತಿ ಆಗಿದೆ ಎಂಬಂತೆ ಹೇಳಿದಳಲ್ಲ, ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಾನೇನು ರೋಗಿಯಾ, ಇಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೆಯಬೇಕಾ ಎಂದು ರೇಗಿದೆ. ದನಿ ನನಗೇ ಗೊತ್ತಿಲ್ಲದಷ್ಟು ಎತ್ತರಕ್ಕೆ ಹೋಯಿತು. ದೊಡ್ಡಕ್ಕ ಪಕ್ಕದ ಆಕ್ಸಿಜನ್ ಸಿಲಿಂಡರಿನ ಮೇಲೆ ಕೈಯಿಟ್ಟರು.

"ಸಿಲಿಂಡರಿಗೂ ರಿಪೋರ್ಟ್ ಕೊಡ್ತೀವಿ. ಅದೇನು ರೋಗೀನಾ? ಗ್ಯಾಸ್ ಎಷ್ಟೈತೆ ಅಂತ ಗೊತ್ತಿಲ್ದೆ ಪಾಳಿ ಬದಲಾಯ್ಸಿದ್ರೆ ಜನ ಸಾಯ್ತಾರೆ ಅಂತ ತಾನೇ? ನಿನ್ನಾಗೆ ಎಷ್ಟೈತೆ ಅಂತ ಯಾರೂ ನೋಡ್ಲಿಲ್ಲ. ಅದು ನನ್ನ ತಪ್ಪು ಕಣಮ್ಮ."

ಬೈದಿದ್ದರೆ ನಾನು ಎದುರು ಮಾತಾಡುತ್ತಿದ್ದೆ. ಮೆಮೊ ಕೊಟ್ಟಿದ್ದರೆ ಹರಿದು ಹಾಕುತ್ತಿದ್ದೆ. ನನ್ನ ತಪ್ಪು ಅಂದುಬಿಟ್ಟರಲ್ಲ, ಅಲ್ಲಿಗೆ ನನ್ನ ಜಂಬವೆಲ್ಲ ಇಳಿದುಹೋಯಿತು. ವಾರ್ಡಿನ ನಡುವೆ ನಿಂತು ಅತ್ತೆ. ಹೆಸರು ಕೇಳಲಿಲ್ಲ ದೊಡ್ಡಕ್ಕ, ನಾನು ಅವನ ಹೆಸರೇ ಕೇಳಲಿಲ್ಲ ಅಂತ ಹೇಳಿಕೊಂಡು ಅತ್ತೆ. ಆರನೇ ಮಂಚದ ಅಜ್ಜನಿಗೆ ಬಾರದೆ ಉಳಿದಿದ್ದ ಅಳುವೂ ಅದರಲ್ಲೇ ಬಂತು. 

ಕುರಿಯಣ್ಣ ಎದ್ದು ಬಂದ. ತಪ್ಪು ತನ್ನದು, ಮಂಚದಲ್ಲಿ ಮಲಗಬಾರದಿತ್ತು, ಅಮ್ಮಾರಿಗೆ ಏನೂ ಮಾಡಬೇಡಿ ಎಂದು ದೊಡ್ಡಕ್ಕನಿಗೆ ಕೈ ಮುಗಿದ. ಆಮೇಲೆ ತಮ್ಮನ ಕಾಲನ್ನು ಒಂದು ಪಕ್ಕಕ್ಕೆ ಸರಿಸಿ, ಹದಿನಾಲ್ಕನೇ ಮಂಚದ ಅರ್ಧ ಜಾಗ ಮಾಡಿ, "ಕುಂತ್ಕಳ್ರಿ ಅಮ್ಮಾರೆ, ಬೇಕಿದ್ರೆ ಒಂದೀಟು ಮಲಕ್ಕಳ್ರಿ," ಅಂದ. ಅಳುತ್ತಿದ್ದವಳಿಗೆ ನಗು ಬಂತು. ಮೂಗಿನಿಂದ ಏನೇನೋ ಸದ್ದು ಬಂತು. ಆ ಮಂಚದಲ್ಲೇ ಕೂತೆ.

ದೊಡ್ಡಕ್ಕನಿಗೆ ವಿಷಯ ಹೇಳಿದವನೂ ಅವನೇ ಅಂತ ಆಮೇಲೆ ತಿಳಿಯಿತು. ದೂರು ಹೇಳಲಿಕ್ಕೆ ಹೋಗಿರಲಿಲ್ಲವಂತೆ. ಆ ಸಿಸ್ಟರಮ್ಮ ಮೇವು ಬಿಟ್ಟ ಕುರಿ ಇದ್ದಂಗವ್ರೆ, ಕಣ್ಣು ನೋಡಿದ್ರೆ ಗೊತ್ತಾಗ್ತೈತೆ, ಇಂಥದ್ದನ್ನ ಹಿಂಡಿನಾಗೆ ಓಡಾಡಿಸ್ಬಾರ್ದು, ಸ್ವಲ್ಪ ದಿನ ಬೇರೆ ಕಟ್ಟಿ ನೋಡ್ಕಬೇಕು ಅಂದಿದ್ದನಂತೆ. ನನ್ನನ್ನು ಕುರಿಗೆ ಹೋಲಿಸಿದ ಅಂತ ಎರಡು ದಿನ ಬೇಜಾರಿತ್ತು. ಆದರೆ ನನ್ನ ಕಣ್ಣನ್ನು ಅಷ್ಟು ಸರಿಯಾಗಿ ಯಾವ ಡಾಕ್ಟರೂ ನೋಡಿರಲಿಲ್ಲ.

ಆ ಮಧ್ಯಾಹ್ನ ದೊಡ್ಡಕ್ಕ ಒಂದು ಬಾಟಲಿ ನೀರು ತರಿಸಿ, ಮುಗಿಯುವವರೆಗೆ ಎದುರಿಗೆ ನಿಂತರು. ಹರಿಯಬ್ಬೆ ಹುಡುಗಿ ಓಡಿಹೋಗಿ ಬಾತ್‌ರೂಮಿನ ಬೀಗದಕೈ ತಂದಳು. ನಾನು ಹೋಗಿ ಬಂದ ಮೇಲೆ, ಬಹಳ ಗಂಭೀರವಾಗಿ ಪುಸ್ತಕದಲ್ಲಿ ಮೂವತ್ತೊಂದರ ಮುಂದೆ ಒಳಗೆ ಒಂದು ಲೀಟರ್, ಹೊರಗೆ ಆಯಿತು ಅಂತ ಬರೆದಳು. ಕೆಳಗೆ ದೊಡ್ಡಕ್ಕ ತಮ್ಮ ಕೈಯಿಂದಲೇ ಹದಿನಾಲ್ಕರ ತಪ್ಪನ್ನು ಇದ್ದದ್ದು ಇದ್ದ ಹಾಗೆ ಬರೆದು, ನನ್ನ ಸಹಿ ಹಾಕಿಸಿದರು. ಬರೆಸಿಕೊಂಡ ಮೇಲೆ ಆ ತಪ್ಪಿನ ಭಾರ ಅರ್ಧ ಇಳಿಯಿತು.

ಊಟದ ಡಬ್ಬಿಯ ಅಡಿಯಿಂದ ಕಾಗದ ತೆಗೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಸರಿ ಮಾಡಿಕೊಂಡು ಓದಿದರು, ಹಿಂದೆ ತಿರುಗಿಸಿ ಗಣಿತದ ಲೆಕ್ಕವನ್ನೂ ಓದಿದರು. ಹರಿಯಲಿಲ್ಲ, ಬೇಡ ಅನ್ನಲೂ ಇಲ್ಲ. ಇವತ್ತು ನೀನಿರೋ ಸ್ಥಿತಿಯಲ್ಲಿ ಬರೆದದ್ದನ್ನು ನಾನು ತಗೊಳ್ಳಲ್ಲ, ಬಿಸಾಕೋದೂ ಇಲ್ಲ ಅಂದರು. ಔಷಧಿಗೆ ಅಂಟಿಸುವ ಬಿಳಿ ಪಟ್ಟಿಯ ಮೇಲೆ ಅವತ್ತಿನ ತಾರೀಖು ಬರೆದು, ಅವಧಿ ಆರು ತಿಂಗಳು ಅಂತ ಸೇರಿಸಿ ಕಾಗದಕ್ಕೆ ಅಂಟಿಸಿದರು. ಬೀಗದ ಕಪಾಟಿನಲ್ಲಿ ನೋವಿನ ಔಷಧಿಗಳ ಪಕ್ಕ ಇಟ್ಟರು. ಅವಧಿಯೊಳಗೆ ಯಾವಾಗ ಬೇಕಾದರೂ ಕೇಳು, ಆದರೆ ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಹೊಟ್ಟೆ ತುಂಬ ತಿಂದು ಬಂದ ದಿನ ಕೇಳಬೇಕು, ಅಷ್ಟೇ ಷರತ್ತು.

ಅಲ್ಲಿಂದ ಪ್ರತಿ ಪಾಳಿಗೆ ಕಪಾಟು ಎಣಿಸುವಾಗ, ಇಂಥ ಇಂಜೆಕ್ಷನ್ ಎಂಟು, ಇಂಥದ್ದು ಐದು, ಕಾಗದ ಒಂದು ಎಂದು ಎಣಿಸಿ ಸಹಿ ಹಾಕುವುದು ರೂಢಿಯಾಯಿತು. ಕಪಾಟಿನೊಳಗೆ ಇರುವುದು ನನ್ನ ರಾಜೀನಾಮೆ ಅಂತ ಎಲ್ಲರಿಗೂ ಗೊತ್ತು. ಬೇಕೆಂದರೆ ಹೋಗಬಹುದು ಎಂಬುದು ಖಾತ್ರಿಯಾದ ಮೇಲೆ, ವಿಚಿತ್ರ ನೋಡಿ, ಹೋಗುವ ಅವಸರ ಕಡಿಮೆಯಾಯಿತು.

ಮನೋವೈದ್ಯರ ಹತ್ತಿರ ಹೋಗಲೇಬೇಕು ಎಂಬುದೂ ದೊಡ್ಡಕ್ಕನ ಅಪ್ಪಣೆ. ಚೀಟಿ ಮಾಡಿಸಿ ಸಾಲಿನಲ್ಲಿ ನಿಂತೆ. ಹಿಂದೆ ನಮ್ಮ ವಾರ್ಡಿನಲ್ಲಿದ್ದ ಹುಡುಗನೊಬ್ಬನ ತಾಯಿ ಬೆಂಚಿನಲ್ಲಿ ಕೂತಿದ್ದರು. ಇವತ್ತು ನಿಮಗೆ ಇಲ್ಲಿ ಡ್ಯೂಟೀನಾ ಅಂತ ಕೇಳಿದರು. ಇಲ್ಲಮ್ಮ, ನನಗೇ ತೋರಿಸಬೇಕು ಅಂದೆ. ಆ ತಾಯಿ ಸೆರಗು ಒತ್ತರಿಸಿಕೊಂಡು ಸರಿದು, "ಒಳ್ಳೇದಾತು ಬರ್ರಿ. ನಾನೂ ಮೊದ್ಲು ನಾಚ್ಕಂಡಿದ್ದೆ," ಅಂದರು. ಆ ಬೆಂಚಿನಲ್ಲಿ ಕೂತ ಅರ್ಧ ಗಂಟೆಯಲ್ಲೇ ನನಗೆ ಕಾಲು ಭಾಗ ಗುಣವಾಯಿತು ಅನ್ನಿಸುತ್ತದೆ. ಡಾಕ್ಟರು ಸಾವಧಾನವಾಗಿ ಕೇಳಿಸಿಕೊಂಡು, ದುಃಖವಾದಾಗ ಏನು ಮಾಡುತ್ತೀರಿ ಎಂದರು. ಜೋಕ್ ಹೇಳ್ತೀನಿ ಅಂದೆ. ಅವರು ನಗದೆ ಬರೆದುಕೊಂಡರು. ಎರಡು ವಾರ ರಜೆ, ವಾರಕ್ಕೊಮ್ಮೆ ಬಂದು ಮಾತಾಡುವುದು, ಹೊತ್ತಿಗೆ ಸರಿಯಾಗಿ ನಿದ್ದೆ ಊಟ.

ಮೊದಲ ಮೂರು ದಿನ ಬರೀ ಮಲಗಿದೆ. ನಾಲ್ಕನೇ ದಿನ ಹುಚ್ಚೆಳ್ಳು ಚಟ್ನಿಪುಡಿ ಕುಟ್ಟಿದೆ. ಹತ್ತನೇ ದಿನದ ಹೊತ್ತಿಗೆ ಯಜಮಾನರ ಅಂಗಡಿಗೆ ಬಂದ ರೈತರನ್ನೆಲ್ಲ ಕೂರಿಸಿ ಬಿಪಿ ನೋಡುತ್ತಿದ್ದೆ, ಪ್ರತಿಯೊಬ್ಬರ ಹೆಸರನ್ನೂ ಅವರ ಬಾಯಿಂದಲೇ ಹೇಳಿಸಿಕೊಂಡು. ಯಾವಾಗ ಡ್ಯೂಟಿಗೆ ಹೋಗ್ತೀಯ ಮಾರಾಯ್ತಿ, ಮೋಟಾರು ತಂದವರು ಜೀವಭಯದಿಂದ ವಾಪಸ್ ಹೋಗ್ತಿದಾರೆ ಎಂದು ಯಜಮಾನರು ಗೋಗರೆದರು.

ನಾನು ರಜೆಯಲ್ಲಿದ್ದಾಗ ಮೂವತ್ತೊಂದನೇ ಮಂಚ ಖಾಲಿ ಇರಲಿಲ್ಲ. ಪಾಳಿ ಮುಗಿಸುವ ಪ್ರತಿಯೊಬ್ಬಳೂ ಅದರಲ್ಲಿ ತನ್ನ ಲೆಕ್ಕ ಬರೆಯಬೇಕು ಅಂತ ದೊಡ್ಡಕ್ಕ ನಿಯಮ ಮಾಡಿದ್ದರು. ಹದಿನೈದು ದಿನದ ಪುಟಗಳನ್ನು ಜೆರಾಕ್ಸ್ ಮಾಡಿಸಿ, ನರ್ಸ್ ಕೊಡಿ ಎಂಬ ಅರ್ಜಿಯ ಜೊತೆ ಮೇಲಿನವರ ಮೇಜಿನ ಮೇಲೆ ಇಟ್ಟರಂತೆ. ಒಳಗೆ ಅರ್ಧ ಲೋಟ, ಹೊರಗೆ ಸೊನ್ನೆ. ಒಳಗೆ ಏನೂ ಇಲ್ಲ, ಹೊರಗೆ ಸೊನ್ನೆ. ಅಧಿಕಾರಿ ಮೊದಲ ಪುಟ ಓದಿ ನಕ್ಕರಂತೆ, ನಾಲ್ಕನೆಯ ಪುಟಕ್ಕೆ ನಗು ನಿಲ್ಲಿಸಿದರಂತೆ. ಚಮತ್ಕಾರವೇನೂ ಆಗಲಿಲ್ಲ. ನಿಯೋಜನೆಯ ಮೇಲೆ ಹೋಗಿದ್ದವಳನ್ನು ವಾಪಸ್ ಕಳಿಸಿದರು, ಬಾತ್‌ರೂಮಿನ ಬೀಗದಕೈ ನಮ್ಮ ವಾರ್ಡಿಗೇ ಬಂತು. ಸೋಮವಾರ ಯಾರಿಗೆ ರಜೆ, ಮಂಗಳವಾರ ಯಾರಿಗೆ ಎಂದು ಗೋಡೆಗೆ ಚೀಟಿ ಅಂಟಿತು. ಇಷ್ಟೇ. ಈಗಲೂ ಜ್ವರದ ಕಾಲಕ್ಕೆ ನಾವು ಸಾಕಾಗುವುದಿಲ್ಲ. ಆದರೆ ಸಾಕಾಗುವುದಿಲ್ಲ ಎಂಬುದು ಪುಸ್ತಕದಲ್ಲಿ ಇರುತ್ತದೆ.

ಮೂವತ್ತೊಂದರಲ್ಲಿ ಈಗ ಎಂಥೆಂಥ ರಿಪೋರ್ಟುಗಳು ಅಂತೀರಿ. 'ಅತ್ತೆಯ ಜೊತೆ ಜಗಳ, ಗೆದ್ದಾಯಿತು' ಅಂತ ಹರಿಯಬ್ಬೆ ಹುಡುಗಿ ಒಮ್ಮೆ ಬರೆದಳು, ಅವಳ ಮದುವೆಯಾಗಿ ಎರಡೇ ತಿಂಗಳು. 'ಇವತ್ತು ಒಬ್ಬರು ತೀರಿಕೊಂಡರು, ಅತ್ತಿದ್ದೇನೆ, ಈಗ ಪರವಾಗಿಲ್ಲ' ಅಂತ ಒಮ್ಮೆ ನಾನು ಬರೆದೆ.

ಎರಡು ವರ್ಷ ಹೇಗೋ ಕಳೆದು ದೊಡ್ಡಕ್ಕನ ನಿವೃತ್ತಿಯ ದಿನ ಬಂತು. ಹಾರ, ಶಾಲು, ಕೇಕು ಎಲ್ಲ ಬೆಳಿಗ್ಗೆಯೇ ಮುಗಿದವು. ಎರಡು ಗಂಟೆಗೆ ಅವರು ನನಗೆ ರಿಪೋರ್ಟ್ ಕೊಡಬೇಕಿತ್ತು, ಇನ್‌ಚಾರ್ಜ್ ನನಗೇ ಬಂದಿತ್ತು. ಹರಿಯಬ್ಬೆ ಹುಡುಗಿಯನ್ನೂ ಜೊತೆಗೆ ಕರೆದುಕೊಂಡು ಮೂವತ್ತು ಮಂಚ ನಡೆದೆವು. ಕಪಾಟು ತೆಗೆದರು. ಇಂಜೆಕ್ಷನ್ ಎಣಿಸಿದರು. "ಕಾಗದ ಒಂದು," ಅಂದರು.

ಅದರ ಅವಧಿ ಮುಗಿದು ಒಂದೂವರೆ ವರ್ಷ ಆಯಿತಲ್ಲ, ಇನ್ನೂ ಯಾಕೆ ಇಟ್ಟಿದ್ದೀರಿ ಅಂತ ಕೇಳಿದೆ. ಅವಧಿ ಮುಗಿದ ಔಷಧಿಯನ್ನು ಒಬ್ಬರೇ ಬಿಸಾಡುವ ಹಾಗಿಲ್ಲ, ಇಬ್ಬರ ಸಹಿ ಬೇಕು ಅಂತ ಗೊತ್ತಿಲ್ಲವಾ ಎಂದು ಗದರಿದರು. ಹಾಳೆಯ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ವೈಯಕ್ತಿಕ ಕಾರಣಗಳೂ ಗಣಿತದ ಅರ್ಧ ಲೆಕ್ಕವೂ ಹರಿದು ಕಸದ ಡಬ್ಬಿಗೆ ಹೋದವು. ನಾಶಪಡಿಸಲಾಗಿದೆ ಅಂತ ಬರೆದು ಇಬ್ಬರೂ ಸಹಿ ಹಾಕಿದೆವು. ಬೀಗದಕೈ ಗೊಂಚಲು ನನ್ನ ಕೈಗೆ ಬಂತು.

ಪೆನ್ನು ಮುಚ್ಚುವ ಮುಂಚೆ ನಾನು ಅವರ ಹಾಗೆಯೇ, ಇಲ್ಲದ ಕನ್ನಡಕದ ಮೇಲಿಂದ ನೋಡಿ, ಇನ್ನೊಂದು ಮಂಚ ಉಳೀತು ದೊಡ್ಡಕ್ಕ ಅಂದೆ. ತಮಾಷೆಗೇ ಅಂದದ್ದು. ಅವರು ಪುಸ್ತಕ ತೆರೆದು ಮೂವತ್ತೊಂದರ ಜಾಗದಲ್ಲಿ ಬೆರಳಿಟ್ಟು ನಿಂತರು. ಎರಡು ವರ್ಷದ ಪುಟಗಳಲ್ಲಿ ನಮ್ಮೆಲ್ಲರ ರಿಪೋರ್ಟ್ ಇತ್ತು, ಅವರದು ಒಂದೂ ಇರಲಿಲ್ಲ. ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

"ಒಳಗೆ ಎಲ್ಡು ಪೀಸ್ ಕೇಕು," ಅಂದರು. ಪುಸ್ತಕ ಮುಚ್ಚಿದರು. "ಮೂವತ್ನಾಲ್ಕು ವರ್ಷ ಕಣಮ್ಮ. ನಾಳೆ ಎರಡು ಗಂಟೆಗೆ ನನ್ನ ರಿಪೋರ್ಟ್ ಯಾರು ತಗಂತಾರೆ?"

ನನಗೆ ಒಂದೂ ಜೋಕ್ ಹೊಳೆಯಲಿಲ್ಲ. ಹರಿಯಬ್ಬೆ ಹುಡುಗಿ ಹೋಗಿ ನೀರಿನ ಬಾಟಲಿ ತಂದು ಅವರ ಮುಂದೆ ಇಟ್ಟಳು. ಅವರು ಕುಡಿದು ಮುಗಿಸುವವರೆಗೆ ನಾವಿಬ್ಬರೂ ಎದುರಿಗೆ ನಿಂತಿದ್ದೆವು.

ಮರುದಿನ ಎರಡು ಗಂಟೆಗೆ ಫೋನ್ ಮಾಡಿದೆ. ಅದರ ಮರುದಿನವೂ. ಈಗ ದಿನಾ ಮೂವತ್ತು ಮಂಚ ಮುಗಿಸಿ, ಕಪಾಟು ಎಣಿಸಿ, ಮೂವತ್ತೊಂದು ಬರೆದು, ಕೊನೆಗೆ ಹೊರಕೆರೆದೇವಪುರಕ್ಕೆ ಫೋನ್ ಹಚ್ಚುತ್ತೇನೆ. ಮೊದಲು ಹೆಸರು ಹೇಳ್ರಿ ಅನ್ನುತ್ತೇನೆ, ಅವರು ಬೈದುಕೊಂಡೇ ಹೆಸರು ಹೇಳುತ್ತಾರೆ. ನಿನ್ನೆಯ ರಿಪೋರ್ಟ್: ನಿದ್ದೆ ಚೆನ್ನಾಗಿದೆ, ಒಳಗೆ ಒಂದು ಮುದ್ದೆ, ಮೂರು ಲೋಟ ನೀರು, ಹೊರಗಿನದು ನಿನಗ್ಯಾಕೆ. ಪುಸ್ತಕದಲ್ಲಿ ಮೂವತ್ತೆರಡು ಅಂತ ಗೆರೆ ಎಳೆದು ಹಾಗೆಯೇ ಬರೆದುಕೊಂಡಿದ್ದೇನೆ.